ತೋಳು ಏಕೆ ಮೇಲೇಳಲಿಲ್ಲ?



ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಗಾರೆ ಕೆಲಸಕ್ಕೆ ಹೋಗುತ್ತಾರೆ. ಕಪ್ಪುಹಲಗೆಯ ಮೇಲೆ ಬರೆಯಲು ಕರೆದರೆ ಬರುತ್ತಿರಲಿಲ್ಲ. ನಾಚಿಕೆ ಅಂದುಕೊಂಡೆವು ನಾವು. ಒಂದು ದಿನ ಬಲವಂತ ಮಾಡಿದೆವು. ಕೈ ಎತ್ತಿದರು. ಅರ್ಧಕ್ಕೇ ನಿಂತುಬಿಟ್ಟಿತು. "ಅಕ್ಷರ ಗೊತ್ತು ಮೇಡಂ, ಕೈ ಏಳಲ್ಲ" ಅಂದರು. ತುರುಬು ಕಟ್ಟೋಕೂ ಮಗಳೇ ಬೇಕಂತೆ. ದಿನವೂ ಪಾಠ ಹೇಳುವ ನಮಗೆ ಇಷ್ಟೂ ಕಾಣಲಿಲ್ಲವಲ್ಲ!

ಅವರ ಕೆಲಸ ಏನು? ಸಾರುವೆಯ ಮೇಲೆ ನಿಂತ ಮೇಸ್ತ್ರಿಗೆ ಗಾರೆ ತುಂಬಿದ ಬಾಂಡ್ಲಿ ಎತ್ತಿಕೊಡುವುದು. ಬೆಳಗಿನಿಂದ ಸಂಜೆವರೆಗೆ, ತಲೆಗಿಂತ ಮೇಲೆ. ಸುಣ್ಣ ಬಳಿಯುವವರದೂ ಇದೇ ಪಾಡು.

ಭುಜದ ಒಳಗೆ ಏನಾಗುತ್ತದೆ ಗೊತ್ತೇ? ತೋಳೆತ್ತುವ ಸ್ನಾಯುವಿನ ತುದಿ ಹುರಿಯಂತಿದೆ. ಅದು ಭುಜದ ಮೂಳೆಯ ಕೆಳಗೆ, ಇಕ್ಕಟ್ಟಾದ ಜಾಗದಲ್ಲಿ ಹಾದುಹೋಗುತ್ತದೆ. ತೋಳು ಮೇಲೆತ್ತಿ ಭಾರ ಹಿಡಿದಾಗ ಹುರಿಯ ಮೇಲೆ ಒತ್ತಡ ಬೀಳುತ್ತದೆ. ದಿನವೂ ಹೀಗಾದರೆ ನೋವು, ಬಾವು. ಬಾವಿಯ ಹಗ್ಗ ಕಲ್ಲಿಗೆ ಉಜ್ಜಿ ಉಜ್ಜಿ ಎಳೆ ಬಿಡುತ್ತದಲ್ಲ, ಹಾಗೇ ಹುರಿಯೂ ಸವೆದು ಹರಿಯಬಹುದು. ಇದು ವಾಯು ಅಲ್ಲ. ಬರೀ ವಯಸ್ಸೂ ಅಲ್ಲ. ಆ ಮಗ್ಗುಲಿಗೆ ಮಲಗಿದರೆ ರಾತ್ರಿ ನೋವು ಹೆಚ್ಚುತ್ತದೆ.

ಕೆಲಸ ಬಿಡಿ ಅಂತ ನಾವು ಹೇಳುವುದಿಲ್ಲ. ಕೂಲಿ ಬಿಟ್ಟರೆ ಒಲೆ ಉರಿಯುವುದು ಹೇಗೆ? ಆದರೆ ಬಾಂಡ್ಲಿ ಅರ್ಧ ತುಂಬಿ. ಕಾಲ ಕೆಳಗೆ ಅಲುಗಾಡದ ಹಲಗೆ ಹಾಕಿಸಿಕೊಳ್ಳಿ. ಆಗ ಕೈ ಅಷ್ಟು ಮೇಲೆ ಹೋಗಬೇಕಿಲ್ಲ. ಕಲಸುವವರು, ಹೊರುವವರು, ಎತ್ತಿಕೊಡುವವರು ಆಗಾಗ ಕೆಲಸ ಬದಲಾಯಿಸಿಕೊಳ್ಳಿ. ಹಗ್ಗ, ರಾಟೆ ಇದ್ದರೆ ಇನ್ನೂ ಮೇಲು. ಮೇಸ್ತ್ರಿ ಗೊಣಗಬಹುದು. ಒಬ್ಬರೇ ಕೇಳಬೇಡಿ, ಎಲ್ಲರೂ ಸೇರಿ ಕೇಳಿ.

ನೋವು ಅಂತ ತೋಳನ್ನು ವಾರಗಟ್ಟಲೆ ಕಟ್ಟಿ ಇಡಬೇಡಿ, ಕೀಲು ಬಿಗಿದುಕೊಳ್ಳುತ್ತದೆ. ಒಂದು ಕೈಯಲ್ಲಿ ಮಂಚ ಹಿಡಿದು ಬಗ್ಗಿ, ನೋವಿನ ತೋಳನ್ನು ಇಳಿಬಿಟ್ಟು ತೊಟ್ಟಿಲಿನಂತೆ ಮೆಲ್ಲಗೆ ತೂಗಿ. ಬಿದ್ದ ಮೇಲೆ ತೋಳು ಏಳದಿದ್ದರೆ ಅಂದೇ ಡಾಕ್ಟರಿಗೆ ತೋರಿಸಿ. ತೋಳುನೋವಿನ ಜೊತೆ ಎದೆ ಹಿಂಡಿ ಬೆವರು ಬಂದರೆ ಅದು ಹೃದಯದ ತೊಂದರೆ ಇರಬಹುದು. ತಡಮಾಡಲೇಬೇಡಿ.

ಇನ್ನೊಂದು ಮಾತು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಚಿಕಿತ್ಸೆಗೆ ನೆರವು ಕೇಳಲು ಆ ಕಾರ್ಡು ಬೇಕು. ಕೆಲಸಕ್ಕೆ ಹೋದ ತಾರೀಖು ಪುಸ್ತಕದಲ್ಲಿ ಬರೆದಿಡಿ. ಈಗ ನಿಮಗೇ ಬರೆಯೋಕೆ ಬರುತ್ತದಲ್ಲ!

ಕಪ್ಪುಹಲಗೆಯನ್ನು ನಾವು ಕೆಳಗಿಳಿಸಿ ಗೋಡೆಗೆ ಒರಗಿಸಿದ್ದೇವೆ. ಗುರುವಾರ ಆ ಅಕ್ಕನ ಜೊತೆ ಆರೋಗ್ಯ ಕೇಂದ್ರಕ್ಕೆ ಹೋಗುತ್ತೇವೆ. ನೋವಿರುವವರು ನೀವೂ ಬನ್ನಿ.