ಹೃದಯದ ಪಾಠ ಕಲಿಸಿದ ಊರು

ಗಟ್ಟಿಮುಟ್ಟಾಗಿದ್ದವರು ಎದೆ ಹಿಡಿದುಕೊಂಡು ಹಠಾತ್ತನೆ ಕುಸಿದರೆ 'ಹಣೆಬರಹ, ಆಯುಸ್ಸು ಅಷ್ಟೇ ಇತ್ತು' ಎನ್ನುವ ಮಾತು ನಮ್ಮಲ್ಲಿ ಈಗಲೂ ಕೇಳಿಬರುತ್ತದೆ. 1940ರ ದಶಕದಲ್ಲಿ ವೈದ್ಯರ ತಿಳಿವಳಿಕೆಯೂ ಇದಕ್ಕಿಂತ ಬಹಳ ಮುಂದೇನೂ ಇರಲಿಲ್ಲ. ವಯಸ್ಸಾದಂತೆ ರಕ್ತದೊತ್ತಡ ಏರುವುದು ಸಹಜ. ಗಡುಸಾದ ನಾಳಗಳಲ್ಲಿ ರಕ್ತ ಹರಿಯಬೇಕಾದರೆ ಅದು ಏರಲೇಬೇಕು ಎಂದು ಅನೇಕರು ನಂಬಿದ್ದರು.

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ರಕ್ತದೊತ್ತಡವೂ ವರ್ಷಗಳಿಂದ ಏರುತ್ತಲೇ ಇತ್ತು. 1945ರ ಏಪ್ರಿಲ್ 12ರಂದು ಅವರು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡ ದಿನ ಅದು 300/190 ಮುಟ್ಟಿತ್ತು. ಮೂರು ವರ್ಷಗಳ ತರುವಾಯ, 1948ರ ಜೂನ್‌ನಲ್ಲಿ, ಅಧ್ಯಕ್ಷ ಟ್ರೂಮನ್ ಅವರ ಸಹಿಯೊಂದಿಗೆ ಹೃದ್ರೋಗ ಸಂಶೋಧನೆಗಾಗಿಯೇ ರಾಷ್ಟ್ರೀಯ ಹೃದಯ ಸಂಸ್ಥೆ ಹುಟ್ಟಿಕೊಂಡಿತು. ಬಾಸ್ಟನ್ ನಗರದ ಪಶ್ಚಿಮಕ್ಕಿರುವ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಅದೇ ವರ್ಷ ಆರಂಭವಾದ ಅಧ್ಯಯನ 1949ರಲ್ಲಿ ಈ ಸಂಸ್ಥೆಯ ಕೈಗೆ ಬಂತು.

ಇದರ ವೈಶಿಷ್ಟ್ಯವನ್ನು ಕೇಳುಗರು ಗಮನಿಸಬೇಕು. ಆಸ್ಪತ್ರೆಗೆ ಬರುವವರು ಕಾಯಿಲೆ ಬಂದವರು. ಅದು ಹೇಗೆ ಬಂತೆಂಬುದು ಅಲ್ಲಿ ಕಾಣದು. ಮನೆಗೆ ಬೆಂಕಿ ಬಿದ್ದ ಮೇಲೆ ಕಿಡಿಯನ್ನು ಹುಡುಕಿದಂತೆ ಅದು. ಫ್ರೇಮಿಂಗ್‌ಹ್ಯಾಮ್‌ನಲ್ಲಿ ಸಂಶೋಧಕರು ಊರಿನ ಜನಸಾಮಾನ್ಯರನ್ನೇ ಆರಿಸಿಕೊಂಡರು. 2,336 ಪುರುಷರು, 2,873 ಮಹಿಳೆಯರು, ಒಟ್ಟು 5,209 ಮಂದಿ ಎರಡು ವರ್ಷಕ್ಕೊಮ್ಮೆ ಬಂದು ರಕ್ತದೊತ್ತಡ, ರಕ್ತ, ಇಸಿಜಿ ಪರೀಕ್ಷೆಗಳಿಗೆ ಒಳಗಾಗುತ್ತಿದ್ದರು. ಅಲ್ಲಿ ಚಿಕಿತ್ಸೆ ಕೊಡುತ್ತಿರಲಿಲ್ಲ. ವರದಿ ಅವರವರ ವೈದ್ಯರಿಗೆ ಹೋಗುತ್ತಿತ್ತು. ಉಳಿದದ್ದು ಕಾಯುವ ಕೆಲಸ. ಯಾರಿಗೆ ಕಾಯಿಲೆ ಬಂತು, ಯಾರಿಗೆ ಬರಲಿಲ್ಲ, ಇಬ್ಬರ ನಡುವಿನ ವ್ಯತ್ಯಾಸವೇನು ಎಂಬುದಷ್ಟೇ ಪ್ರಶ್ನೆ.

ಉತ್ತರ ನಿಧಾನವಾಗಿ ಬಂತು. ರಕ್ತದೊತ್ತಡ ಹೆಚ್ಚಿದ್ದವರಲ್ಲಿ, ಕೊಲೆಸ್ಟರಾಲ್ ಹೆಚ್ಚಿದ್ದವರಲ್ಲಿ, ಸಿಗರೇಟು ಸೇದುವವರಲ್ಲಿ ಹೃದ್ರೋಗ ಹೆಚ್ಚು. 1961ರ ಪ್ರಬಂಧವೊಂದರಲ್ಲಿ ಡಾ. ವಿಲಿಯಂ ಕ್ಯಾನೆಲ್ ಮತ್ತು ಸಂಗಡಿಗರು ಇವನ್ನು 'ಅಪಾಯದ ಅಂಶಗಳು' ಎಂದು ಕರೆದರು. ಇಂದು ಎಲ್ಲ ವೈದ್ಯರ ಬಾಯಲ್ಲಿರುವ ಮಾತು ಅದೇ. ನಿಯತವಾಗಿ ತೆಗೆದ ಇಸಿಜಿಗಳು ಇನ್ನೊಂದು ಗುಟ್ಟನ್ನು ಬಯಲು ಮಾಡಿದವು: ಸುಮಾರು ನಾಲ್ಕರಲ್ಲಿ ಒಂದು ಹೃದಯಾಘಾತ ರೋಗಿಗಾಗಲಿ ವೈದ್ಯರಿಗಾಗಲಿ ತಿಳಿಯದೆಯೇ ಆಗಿಹೋಗಿರುತ್ತದೆ.

ಇಂಥ ಕೆಲಸವೂ ನಿಂತುಹೋಗುವುದರಲ್ಲಿತ್ತು. ಇಪ್ಪತ್ತು ವರ್ಷದ ಅವಧಿ ಮುಗಿಯುತ್ತ ಬಂದಾಗ ಸರ್ಕಾರ ಹಣ ನಿಲ್ಲಿಸಲು ಹೊರಟಿತು. ಮೊದಲಿನ ನಿರ್ದೇಶಕರಾಗಿದ್ದ ಡಾ. ಥಾಮಸ್ ಡಾಬರ್ ಬಾಸ್ಟನ್ ವಿಶ್ವವಿದ್ಯಾಲಯದ ಆಸರೆಯಲ್ಲಿ ಖಾಸಗಿ ದೇಣಿಗೆ ಕೂಡಿಸಿ ಅದನ್ನು ಉಳಿಸಿದರು. 1971ರಲ್ಲಿ ಮೊದಲಿಗರ ಮಕ್ಕಳು, 2002ರಲ್ಲಿ ಮೊಮ್ಮಕ್ಕಳು ಪರೀಕ್ಷೆಗೆ ಬಂದರು.

ಆದರೆ ಮೊದಲಿಗರೆಲ್ಲ ಬಹುಮಟ್ಟಿಗೆ ಐರೋಪ್ಯ ಮೂಲದವರು. ಇತರ ಜನಾಂಗದವರ ಪ್ರತ್ಯೇಕ ತಂಡ ಸೇರಿದ್ದು 1994ರಲ್ಲಿ. ಅವರ ಅಳತೆಗೋಲು ನಮಗೆಷ್ಟು ಹೊಂದುತ್ತದೆ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಪ್ರೇಮ್ ಪಯಸ್ ಮತ್ತು ಸಂಗಡಿಗರು ಮೊದಲ ಬಾರಿ ಹೃದಯಾಘಾತಕ್ಕೆ ಒಳಗಾದ 200 ಮಂದಿಯನ್ನು ಆ ತೊಂದರೆಯಿಲ್ಲದ 200 ಮಂದಿಯೊಂದಿಗೆ ಹೋಲಿಸಿ, 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೀಡಿ, ಸಿಗರೇಟುಗಳೇ ಅಲ್ಲಿ ಮೊದಲ ಆರೋಪಿಗಳು. ಸಕ್ಕರೆ ಕಾಯಿಲೆ ಎನಿಸಿಕೊಳ್ಳುವ ಮಟ್ಟಕ್ಕಿಂತ ಕೆಳಗೇ ಇದ್ದರೂ ರಕ್ತದ ಸಕ್ಕರೆ ಏರಿದಂತೆ ಅಪಾಯವೂ ಏರುತ್ತಿತ್ತು. ಹೊಟ್ಟೆಯ ಬೊಜ್ಜಿನದೂ ಅದೇ ಕಥೆ. 2004ರಲ್ಲಿ ಪ್ರಕಟವಾದ, 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದ ಅಂಕಿಅಂಶಗಳನ್ನು ವಿಂಗಡಿಸಿದಾಗ ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತ ಸುಮಾರು 53ರ ಹರೆಯದಲ್ಲಿ, ಉಳಿದವರಿಗೆ ಸುಮಾರು 59ರಲ್ಲಿ ಬರುವುದು ಕಂಡುಬಂತು. ಕಾರಣಗಳು ಬಹುಪಾಲು ಎಲ್ಲೆಡೆಯ ಕಾರಣಗಳೇ. ನಮ್ಮಲ್ಲಿ ಅವು ಬೇಗ ಬಂದು ಕೂರುತ್ತವೆ.

ಆ ಆರು ವರ್ಷಗಳೆಂದರೆ ಮಗಳ ಮದುವೆ, ಮಗನ ಓದು, ಮನೆಯ ಸಾಲ ಎಲ್ಲವೂ ಹೆಗಲ ಮೇಲಿರುವ ವರ್ಷಗಳು. ನೋವಿಲ್ಲವೆಂದು ರಕ್ತದೊತ್ತಡ ನೋಡಿಸಿಕೊಳ್ಳದೆ ಇರುವವರು ಇದನ್ನು ನೆನೆಯಬೇಕು. ತೋಳಿಗೆ ಪಟ್ಟಿ ಸುತ್ತಿ ವೈದ್ಯರು ಹೇಳುವ ಅಂಕಿಗೆ ಅರ್ಥ ಬಂದದ್ದು, ಕಾಯಿಲೆಯಿಲ್ಲದಿದ್ದರೂ ಜೀವನವಿಡೀ ಪರೀಕ್ಷೆಗೆ ಬಂದ ಒಂದು ಊರಿನ ಜನರಿಂದ.