ಶ್ಯಾಣ್ಯಾ ಮಗುವನ್ನು ಒಂದು ಇಯತ್ತೆ ದಾಟಿಸಬೇಕೇ?

(ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ನೀಡಿದ ಉಪನ್ಯಾಸ)



ಪ್ರತಿ ಸಲ ನಾವು ಇಲ್ಲಿ ಉಳಿತಾಯ, ಸಾಲ, ಮರುಪಾವತಿ ಅಂತ ಮಾತಾಡ್ತೇವೆ. ಇವತ್ತು ಮಕ್ಕಳ ಬಗ್ಗೆ ಮಾತಾಡಬೇಕು. ಆದರೆ ಇದು ಶುರುವಾಗಿದ್ದೂ ಒಂದು ಸಾಲದ ಅರ್ಜಿಯಿಂದಲೇ.

ಹೋದ ವರ್ಷ ಮೇ ತಿಂಗಳಲ್ಲಿ ಒಂದು ಸಂಘದ ತಾಯಿ 15,000 ರೂಪಾಯಿ ಸಾಲ ಕೇಳಿದಳು. ಮಗ ಸರ್ಕಾರಿ ಶಾಲೆಯಲ್ಲಿ 3ನೇ ಇಯತ್ತೆ ಮುಗಿಸಿದ್ದ. ಒಂದು ಖಾಸಗಿ ಶಾಲೆಯವರು "ಹುಡುಗ ಭಾಳ ಶ್ಯಾಣ್ಯಾ ಅದಾನ, ನೇರ 5ನೇತ್ತಕ್ಕ ಹಾಕ್ಕೋತೇವಿ" ಅಂದಿದ್ದರು. ಆ ಫೀಗಾಗಿ ಸಾಲ. ಸಂಘದವರಿಗೆ ಏನು ತೀರ್ಮಾನ ಮಾಡಬೇಕೋ ತಿಳಿಯದೆ ನಮ್ಮನ್ನು ಕರೆದರು.

ಹುಡುಗ ಶ್ಯಾಣ್ಯಾ ಇರೋದು ನಿಜ. ತಾಯಿ ಜೊತೆ ಸಭೆಗೆ ಬಂದರೆ, ಪುಸ್ತಕ ಬರೆಯುವವರು ಪೆನ್ನು ತೆಗೆಯುವುದರೊಳಗೆ "ನೂರಕ್ಕ ಎರಡು ಅಂದ್ರ 3,500ಕ್ಕ 70 ರೂಪಾಯಿ" ಅಂತ ಬಡ್ಡಿ ಹೇಳುತ್ತಿದ್ದ. ಆದರೆ ಒಂದು ಕಡೆ ಕುಂದ್ರಂಗಿಲ್ಲ. ದಿನಕ್ಕೊಂದು ಪೆನ್ಸಿಲ್ ಕಳೀತಾನ. ನೋಟಬುಕ್ಕು ಅರ್ಧಕ್ಕೇ ನಿಂತಿರತದ. ಬೇರೆಯವರು ಮಾತು ಮುಗಿಸುವ ಮೊದಲೇ ಬಾಯಿ ಹಾಕಿ ಬೈಸಿಕೊಳ್ಳುತ್ತಾನೆ. ಶಾಲೆಯಲ್ಲಿ ಒಂದು ದಿನ ಜಾಣ, ಮರುದಿನ ತಂಟೆಕೋರ.

ಇದು ಬರೀ ತಂಟೆಯೇ? ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ಒಂದು ತೊಂದರೆ ಇದೆ. ವೈದ್ಯರು ಅದನ್ನು ಎಡಿಎಚ್‌ಡಿ ಅನ್ನುತ್ತಾರೆ. ಜಗತ್ತಿನಲ್ಲಿ ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಇದು ಇರುತ್ತದೆ. ಇದು ಮಿದುಳಿನ ಬೆಳವಣಿಗೆಗೆ ಸೇರಿದ್ದು. ತಾಯಿ ಮುದ್ದು ಮಾಡಿದ್ದರಿಂದ ಬಂದದ್ದಲ್ಲ, ದೃಷ್ಟಿ ತಾಗಿದ್ದೂ ಅಲ್ಲ. 12 ವರ್ಷದೊಳಗೇ ಲಕ್ಷಣ ಕಾಣಿಸಬೇಕು, ಆರು ತಿಂಗಳಾದರೂ ಇರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ಇರಬೇಕು. ಆಗಲೇ ವೈದ್ಯರು ಆ ಹೆಸರು ಹೇಳುತ್ತಾರೆ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚಾಗಿ ಗಲಾಟೆಯಾಗಿ ಕಾಣೋದಿಲ್ಲ. ಹುಡುಗಿ ಸುಮ್ಮನೆ ಎಲ್ಲೋ ನೋಡುತ್ತಾ ಕೂತಿರುತ್ತಾಳೆ. ಹಾಗಾಗಿ ಯಾರ ಲಕ್ಷ್ಯಕ್ಕೂ ಬರೋದಿಲ್ಲ.

ಬುದ್ಧಿ ಚುರುಕಿದ್ದ ಮಗುವಿಗೂ ಈ ತೊಂದರೆ ಇರಬಹುದು. ಆಗ ಒಂದು ಇನ್ನೊಂದನ್ನು ಮುಚ್ಚುತ್ತದೆ. ನಮ್ಮ ಹುಡುಗನ ತಲೆ ಎರಡು ಇಯತ್ತೆ ಮುಂದಿತ್ತು. ಆದರೆ ಕೂತು ಬರೆಯುವುದು, ವಸ್ತು ಜೋಪಾನ ಮಾಡುವುದು, ತನ್ನ ಸರದಿಗೆ ಕಾಯುವುದು, ಇವು ತನ್ನ ವಯಸ್ಸಿಗಿಂತ ಹಿಂದಿದ್ದವು. ಮೇಲಿನ ಇಯತ್ತೆಯಲ್ಲಿ ಹೆಚ್ಚು ಬೇಕಾಗುವುದು ಇವೇ ಅಲ್ಲೇನ್ರಿ?

ಹಾಗಂತ ಇಯತ್ತೆ ದಾಟಿಸುವುದೇ ತಪ್ಪು ಅನ್ನುವಂತಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2004ರಲ್ಲಿ ಒಂದು ದೊಡ್ಡ ವರದಿ ತಂದರು. ಸರಿಯಾಗಿ ಪರೀಕ್ಷಿಸಿ ಮುಂದೆ ಕಳಿಸಿದ ಪ್ರತಿಭಾವಂತ ಮಕ್ಕಳು ಹೆಚ್ಚಾಗಿ ಚೆನ್ನಾಗಿಯೇ ಓದಿದ್ದಾರೆ ಅಂತ ಅದರಲ್ಲಿದೆ. ನಮ್ಮ ಸರ್ ಸಿ.ವಿ. ರಾಮನ್ ಅವರು ಮೆಟ್ರಿಕ್ ಮುಗಿಸಿದ್ದು 11ನೇ ವಯಸ್ಸಿಗೆ. 1933ರಲ್ಲಿ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಆದರೆ ಅವರ ತಂದೆ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಕೇಳಿದ್ದು ಹೇಳಿಕೊಡುವವರು ಮನೆಯಲ್ಲೇ ಇದ್ದರು ಅನ್ನೋದನ್ನೂ ಮರೆಯಬಾರದು.

ಗೊತ್ತಿರುವ ಪಾಠವನ್ನೇ ದಿನಾಲೂ ಕೇಳಿದರೆ ಚುರುಕಿನ ಮಗುವಿನ ಚಡಪಡಿಕೆ ಇನ್ನೂ ಹೆಚ್ಚುತ್ತದೆ. ಈ ಹುಡುಗ 3ನೇತ್ತದವರೆಗೆ ನಲಿ-ಕಲಿಯಲ್ಲಿದ್ದ. ಅಲ್ಲಿ ಪ್ರತಿ ಮಗು ತನ್ನ ಮೆಟ್ಟಿಲನ್ನು ತಾನು ಹತ್ತುತ್ತದೆ, ಎದ್ದು ಓಡಾಡಿ ಕಲಿಯುತ್ತದೆ. 4ನೇತ್ತದಿಂದ ಎಲ್ಲರಿಗೂ ಒಂದೇ ಪಾಠ. ತಾಯಿಗೆ ಹೆದರಿಕೆ ಇದ್ದದ್ದು ಅದೇ. ಆ ಹೆದರಿಕೆ ಸುಳ್ಳಲ್ಲ.

ಮೆಣಸಿನ ಗಿಡ ಬೆಳೆದ ನಿಮಗೆ ಇದು ಗೊತ್ತು. ಸಸಿ ಮಡಿಯಲ್ಲೇ ಬಹಳ ದಿನ ಉಳಿದರೆ ಬಲಿತು ಕೆಡುತ್ತದೆ. ಬೇರು ಬಲಿಯುವ ಮೊದಲೇ ಕಿತ್ತು ಹಚ್ಚಿದರೆ ಬಾಡುತ್ತದೆ. ಕೀಳುವ ಮೊದಲು ಬೇರು ನೋಡಬೇಕು.

ಹೀಗೆ ನೋಡಲು ಆವತ್ತು ಆ ಸಂಘದಲ್ಲಿ ನಾವೆಲ್ಲ ಕೂತು ಚರ್ಚಿಸಿದ ಪ್ರಶ್ನೆಗಳು ಇವು:

1. ಮಗುವಿಗೆ ಮನಸ್ಸಿದೆಯೇ? ಮಗುವಿಗೇ ಬೇಡವಾದರೆ ದಾಟಿಸಬಾರದು. ಅಯೋವಾದವರು ಮಾಡಿದ ಅಳತೆಪಟ್ಟಿಯಲ್ಲೂ ಇದು ಇದೆ. ನಾವು ಹುಡುಗನನ್ನು ಕೇಳಿದೆವು. "ದೊಡ್ಡ ಲೆಕ್ಕ ಬೇಕು. ಆದ್ರ ನನ್ನ ಗೆಳ್ಯಾರನ್ನ ಬಿಟ್ಟು ಹೋಗಂಗಿಲ್ಲ" ಅಂದ. ಅಲ್ಲಿಯವರೆಗೆ ಅವನನ್ನು ಯಾರೂ ಕೇಳಿರಲಿಲ್ಲ.

2. ಆ ಇಯತ್ತೆಯಲ್ಲಿ ಅಣ್ಣನೋ ಅಕ್ಕನೋ ಇದ್ದಾರೆಯೇ? ಇದ್ದರೆ ಬೇಡ ಅಂತಲೇ ಆ ಪಟ್ಟಿ ಹೇಳುತ್ತದೆ. ಈ ಹುಡುಗನ ಅಕ್ಕ ಅದೇ ಜೂನ್‌ಗೆ 5ನೇತ್ತಕ್ಕೆ ಹೋಗುವವಳಿದ್ದಳು. ತಮ್ಮ ಖಾಸಗಿ ಶಾಲೆ, ಅಕ್ಕ ಸರ್ಕಾರಿ ಶಾಲೆ, ಇಬ್ಬರದೂ ಒಂದೇ ಇಯತ್ತೆ. ಮೂಲೆಯಲ್ಲಿ ಕೂತಿದ್ದ ಆ ಹುಡುಗಿ ಸಣ್ಣ ದನಿಯಲ್ಲಿ "ಹಂಗಾದ್ರ ನಾ ದಡ್ಡಿ ಏನ್ರಿ?" ಅಂದಳು. ಸಭೆ ಸುಮ್ಮನಾಯಿತು. ಗಂಡುಮಗನ ಜಾಣತನಕ್ಕೆ ಹೆಣ್ಣುಮಗಳು ಬೆಲೆ ತೆರಬೇಕೇ?

3. ವಯಸ್ಸೆಷ್ಟು? ನಮ್ಮ ಕಾಲದಲ್ಲಿ ಗುರುಗಳು ಎಲ್ಲರಿಗೂ ಜೂನ್ 1 ಅಂತ ಜನ್ಮದಿನ ಬರೆದುಬಿಡುತ್ತಿದ್ದರು. ಈಗ ಹಾಗಿಲ್ಲ. ಕೆನಡಾದ ಒಂದು ಪ್ರಾಂತ್ಯದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2012ರಲ್ಲಿ ಪ್ರಕಟಿಸಿದರು. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ, ಎಲ್ಲರಿಗಿಂತ ದೊಡ್ಡವರಿಗಿಂತ ಎಡಿಎಚ್‌ಡಿ ಅನ್ನುವ ಹೆಸರು ಹೆಚ್ಚು ಬೀಳುತ್ತಿತ್ತು. ಹುಡುಗರಲ್ಲಿ ಶೇ. 30 ಹೆಚ್ಚು, ಹುಡುಗಿಯರಲ್ಲಿ ಶೇ. 70 ಹೆಚ್ಚು. ಚಿಕ್ಕ ವಯಸ್ಸಿನ ಚಂಚಲತೆಯೇ ರೋಗದಂತೆ ಕಂಡಿರಬಹುದು. ಇಯತ್ತೆ ದಾಟಿಸಿದರೆ ನಮ್ಮ ಮಗುವೂ ಎಲ್ಲರಿಗಿಂತ ಚಿಕ್ಕದಾಗುತ್ತದೆ.

4. ದಾಖಲೆ ಏನಾಗುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು ಅನ್ನುತ್ತದೆ. ಪ್ರತಿ ಮಗುವಿನ ತರಗತಿ ಈಗ ಶಿಕ್ಷಣ ಇಲಾಖೆಯ ಕಂಪ್ಯೂಟರಿನಲ್ಲಿದೆ. ಬಾಯಿಮಾತು ನಂಬಬೇಡಿ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ. ಇನ್ನೊಂದು ಮಾತು. ನವೋದಯ ಶಾಲೆಯಲ್ಲಿ ಕನಿಷ್ಠ ಶೇ. 75 ಸೀಟು ಹಳ್ಳಿ ಮಕ್ಕಳಿಗೆ ಇದೆ. ಆದರೆ 3, 4, 5ನೇ ಇಯತ್ತೆಗಳನ್ನು ಒಂದೊಂದು ಪೂರ್ಣ ವರ್ಷ ಹಳ್ಳಿಯ ಶಾಲೆಯಲ್ಲಿ ಓದಿರಬೇಕು. 4ನೇತ್ತ ಹಾರಿಸಿದರೆ ಆ ಬಾಗಿಲು ಮುಚ್ಚುತ್ತದೆ. ಇದನ್ನು ಆ ತಾಯಿಗೆ ಯಾರೂ ಹೇಳಿರಲಿಲ್ಲ.

5. ವೈದ್ಯರು ನೋಡಿದ್ದಾರೆಯೇ? ಇಯತ್ತೆ ಬದಲಿಸಿದರೆ ಬೇಸರ ಹೋಗಬಹುದು, ಗಮನದ ತೊಂದರೆ ಹೋಗುವುದಿಲ್ಲ. ಹಾವೇರಿ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗವಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಎಲ್ಲಿಗೆ ಹೋಗಬೇಕೋ ಗೊತ್ತಿಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ-ಮಾನಸ್, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಾತ್ರೆ ಬೇಕೋ ಬೇಡವೋ ವೈದ್ಯರೇ ಹೇಳಬೇಕು. ಅಂಗಡಿಯಿಂದ ತಾವಾಗಿ ತಂದು ಕೊಡಬೇಡಿ.

ಕೊನೆಗೆ ಸಂಘ 15,000 ಕೊಡಲಿಲ್ಲ. ಧಾರವಾಡಕ್ಕೆ ಹೋಗಿ ಬರುವ ಖರ್ಚಿಗೆ 2,000 ಕೊಟ್ಟಿತು. ವೈದ್ಯರು ಪರೀಕ್ಷಿಸಿ, ಬುದ್ಧಿಶಕ್ತಿ ಬಹಳ ಮೇಲಿದೆ, ಗಮನದ ತೊಂದರೆಯೂ ಇದೆ, ಎರಡನ್ನೂ ನೋಡಿಕೊಳ್ಳಬೇಕು ಅಂದರು. ಹುಡುಗ 4ನೇತ್ತಕ್ಕೇ ಹೋದ. ಗುರುಗಳು ಅವನಿಗೆ ಅಲ್ಲೇ 5ನೇತ್ತದ ಗಣಿತ ಪುಸ್ತಕ ಕೊಟ್ಟರು. ಅಕ್ಕನ ತರಗತಿಗೆ ಕಳಿಸಲಿಲ್ಲ. ಮುಂದಿನ ಸಾಲಿನಲ್ಲಿ ಕೂರಿಸಿದರು. ಒಂದು ಸಲಕ್ಕೆ ಒಂದೇ ಕೆಲಸ ಹೇಳಿದರು. ನಡುನಡುವೆ ಎದ್ದು ಪುಸ್ತಕ ಹಂಚುವ ಕೆಲಸ ಕೊಟ್ಟರು. ಮನೆಯಲ್ಲಿ ತಾಯಿ ಹತ್ತು ನಿಮಿಷ ಓದು, ಸ್ವಲ್ಪ ಆಟ, ಮತ್ತೆ ಹತ್ತು ನಿಮಿಷ ಓದು ಅಂತ ಮಾಡಿದಳು.

ಎಲ್ಲ ಸರಿಹೋಯಿತು ಅಂತ ನಾವು ಹೇಳೋದಿಲ್ಲ. ನೋಟಬುಕ್ಕು ಇನ್ನೂ ಅರ್ಧವೇ ಇರತದ. ಆದರೆ ಜಗಳ ಕಡಿಮೆಯಾಗಿದೆ, ಶಾಲೆ ಬೇಡ ಅನ್ನುವುದಿಲ್ಲ. ಮುಂದೆ ಅವನಿಗೇ ಬೇಕೆನಿಸಿದರೆ, ಬರೆಯುವುದು ಕೂರುವುದು ಸುಧಾರಿಸಿದರೆ, ಮತ್ತೆ ಕೂತು ವಿಚಾರ ಮಾಡೋಣ ಅಂತ ತಾಯಿ, ಗುರುಗಳು ಒಪ್ಪಿದ್ದಾರೆ. ಇನ್ನೊಂದು ಮಗುವಿಗೆ ಇದೇ ಪ್ರಶ್ನೆಗಳಿಗೆ ಬೇರೆ ಉತ್ತರ ಬರಬಹುದು. ಆಗ ದಾಟಿಸುವುದೇ ಸರಿಯಾಗಬಹುದು.

ಬಾಲಯೇಸು 12ನೇ ವಯಸ್ಸಿನಲ್ಲಿ ಜೆರುಸಲೇಮಿನ ದೇವಾಲಯದಲ್ಲಿ ಪಂಡಿತರ ನಡುವೆ ಕೂತು ಅವರನ್ನು ಬೆರಗುಗೊಳಿಸಿದ ಸಂಗತಿ ಶುಭಸಂದೇಶದಲ್ಲಿದೆ. ಆಮೇಲೆ ಅವರು ತಂದೆತಾಯಿಯ ಜೊತೆ ನಜರೇತಿಗೆ ಮರಳಿದರು, ಅವರ ಮಾತು ಕೇಳಿಕೊಂಡು ಬೆಳೆದರು. ಅಷ್ಟು ಜ್ಞಾನವಿದ್ದ ಮಗನೂ ಮನೆಯಲ್ಲಿ ಬೆಳೆಯಲು ಸಮಯ ತೆಗೆದುಕೊಂಡ. ನಾವು ಯಾವ ಧರ್ಮದವರೇ ಆಗಿರಲಿ, ತಾಯಂದಿರಾದ ನಮಗೆ ಇದು ಅರ್ಥವಾಗುತ್ತದೆ.

ನಿಮ್ಮ ಸಂಘದಲ್ಲೂ ಇಂಥ ಮಗು ಇರಬಹುದು. ಮುಂದಿನ ಸಭೆಯಲ್ಲಿ ಈ ಐದು ಪ್ರಶ್ನೆ ಓದಿ ಚರ್ಚಿಸಿ. ಆ ತಾಯಿಯನ್ನು ಒಬ್ಬಳನ್ನೇ ಬಿಡಬೇಡಿ. ಮಗುವಿನ ಮಾತನ್ನೂ, ಮೂಲೆಯಲ್ಲಿ ಕೂತ ಅಕ್ಕನ ಮಾತನ್ನೂ ಕೇಳಿ.