ಖಾತೆ ಅಮಾನತಾದಾಗ

ಬೆಳಗೆದ್ದು ಮೊಬೈಲು ತೆರೆದರೆ ‘ನಿಮ್ಮ ಖಾತೆಯನ್ನು ಅಮಾನತುಗೊಳಿಸಲಾಗಿದೆ’ ಎಂಬ ಒಂದೇ ಸಾಲು. ಎದೆ ಧಸಕ್ಕೆನ್ನುತ್ತದೆ. ಮೊಮ್ಮಗುವಿನ ಫೋಟೊ, ಗಿರಾಕಿಗಳ ನಂಬರು ಎಲ್ಲವೂ ಒಳಗೆ. ನಾವು ಮಾತ್ರ ಹೊರಗೆ. ಎಷ್ಟೋ ಸಲ ತಪ್ಪು ನಮ್ಮದಾಗಿರುವುದಿಲ್ಲ. ಯಂತ್ರದ ಜರಡಿಯಲ್ಲಿ ಜೊಳ್ಳಿನ ಜೊತೆ ಕಾಳೂ ಹೋಗಿರುತ್ತದೆ.

ಗಾಬರಿ ಬೇಡ. ಖಾತೆ ಬಿಡಿಸಿಕೊಡುತ್ತೇವೆನ್ನುವ ಅಪರಿಚಿತರಿಗೆ ದುಡ್ಡನ್ನಾಗಲಿ ಓಟಿಪಿಯನ್ನಾಗಲಿ ಕೊಡಬೇಡಿ. ಮರುಪರಿಶೀಲನೆ ಕೋರಿ ಜಾಲತಾಣದ ಕಂಪನಿಗೇ ಬರೆಯಿರಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಸಾಮಾಜಿಕ ಜಾಲತಾಣಗಳಿಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೂರು ತಲುಪಿದ್ದನ್ನು 24 ಗಂಟೆಯೊಳಗೆ ತಿಳಿಸಲೇಬೇಕು. ಅವರ ತೀರ್ಮಾನ ಸರಿಕಾಣದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಮೊರೆಹೋಗಬಹುದು.

ಖಾತೆ ನಮ್ಮದಾದರೂ ಜಾಗ ಕಂಪನಿಯದು. ಮುಖ್ಯವಾದದ್ದರ ನಕಲನ್ನು ಇವತ್ತೇ ಬೇರೆ ಕಡೆ ಇಟ್ಟುಕೊಳ್ಳಿ.